ಅರವಟಿಗೆಯ ಲೋಟಗಳು

"ಬುದ್ಧಿ, ಈ ಸಲದ ದಾಸೋಹದಲ್ಲಿ ಮಜ್ಜಿಗೆಗೆ ಯಾವ ಲೋಟ ತರಿಸೋಣ? ಪ್ಲಾಸ್ಟಿಕ್ ಬೇಡ ಅಂತಾರೆ. ಕಾಗದದ್ದೂ ಒಳ್ಳೆಯದಲ್ಲ ಅಂತಾರೆ. ಭೂಮಿಗೆ ಭಾರವಾಗದ್ದು ಯಾವುದು?" ಎಂದು ಶಿಷ್ಯ ಮರುಳಯ್ಯ ಮಠದ ಗುರುಗಳನ್ನು ಕೇಳಿದ.

ಗುರುಗಳಿಗೆ ಈ ಪ್ರಶ್ನೆ ಕೇಳಿ ಕೇಳಿ ಸಾಕಾಗಿತ್ತು. ಕೂತುಕೋ ಎಂದು ಕೈಮಾಡಿ, ನಿಧಾನವಾಗಿ ಹೇಳತೊಡಗಿದರು.

"ಒಬ್ಬ ವ್ಯಾಪಾರಿ ತೀರಿಹೋದ ತಾಯಿಯ ಹೆಸರಿನಲ್ಲಿ ದಾರಿಬದಿಗೆ ಅರವಟಿಗೆ ಇಟ್ಟು, ಹೋಗಿಬರುವವರಿಗೆಲ್ಲ ಮಜ್ಜಿಗೆ ಕೊಡುತ್ತಿದ್ದ. ಮೊದಲು ಸ್ಟೀಲ್ ಲೋಟ ಇಟ್ಟ. ಒಬ್ಬರು ಬಾಯಿಟ್ಟದ್ದಕ್ಕೆ ಇನ್ನೊಬ್ಬರು ಬಾಯಿಡಲು ಹೇಸಿದರು. ತೊಳೆಯುವ ಆಳು ಕೂಡ, ಊರವರ ಎಂಜಲು ನನಗ್ಯಾಕೆ ಎಂದು ಬಿಟ್ಟುಹೋದ.

"ವ್ಯಾಪಾರಿ ಮಣ್ಣಿನ ಕುಡಿಕೆ ತರಿಸಿದ. ಕುಡಿದವರು ಅದನ್ನು ಹಿಂದಿನ ಹಳ್ಳಕ್ಕೆ ಎಸೆದರು. ಸುಟ್ಟ ಮಣ್ಣು ಕರಗಲಿಲ್ಲ. ಕುಡಿಕೆ ಸುಡಲು ದಾರಿಯ ಹೊಂಗೆಮರಗಳು ಒಲೆಗೆ ಹೋದವು. ಆಮೇಲೆ ಕಾಗದದ ಲೋಟ ಬಂತು. ಕಾಗದ ಕೊಳೆಯಿತು, ಒಳಗಿನ ಪ್ಲಾಸ್ಟಿಕ್ ಪೊರೆ ಕೊಳೆಯಲಿಲ್ಲ. ಬೇಸತ್ತು, ಅಗ್ಗವಾಗಿ ಸಿಗುತ್ತದೆಂದು ಪ್ಲಾಸ್ಟಿಕ್ ಲೋಟವನ್ನೇ ತಂದ. ಬಾಣಲೆಯಿಂದ ಬೆಂಕಿಗೆ ಬಿದ್ದ ಹಾಗಾಯಿತು. ಹೊಸ ಲೋಟ ಬಂದಾಗಲೆಲ್ಲ ಜನ ಹೊಗಳುತ್ತಿದ್ದರು. ಹಳ್ಳ ತುಂಬುತ್ತಲೇ ಇತ್ತು.

"ಹಳ್ಳದಾಚೆ ಒಬ್ಬ ರೈತನಿದ್ದ. ಅರವಟಿಗೆಗೆ ಮಜ್ಜಿಗೆ ಬರುತ್ತಿದ್ದುದು ಅವನ ಮನೆಯಿಂದಲೇ. ಇದ್ದದ್ದು ಒಂದೇ ಎಮ್ಮೆ. ಮಜ್ಜಿಗೆಯ ವಾಸನೆಗೆ ಅದು ಹಳ್ಳದಲ್ಲಿದ್ದ ಪ್ಲಾಸ್ಟಿಕ್ ಲೋಟಗಳನ್ನು ತಿಂದು, ಹೊಟ್ಟೆ ಉಬ್ಬಿ ಸತ್ತಿತು.

"'ನಿಮ್ಮ ತಾಯಿಗೆ ಪುಣ್ಯ ಬಂತೋ ಇಲ್ವೋ ಗೊತ್ತಿಲ್ಲ ಸಾವ್ಕಾರ್ರೇ. ನನ್ನ ಕೊಟ್ಟಿಗೆ ಮಾತ್ರ ಖಾಲಿ ಆಯ್ತು' ಎಂದ ರೈತ.

"ವ್ಯಾಪಾರಿಗೆ ನಿಜವಾಗಿಯೂ ಸಂಕಟವಾಯಿತು. 'ಇನ್ಯಾವ ಲೋಟ ತರ್ಲಪ್ಪಾ, ನೀನೇ ಹೇಳು' ಎಂದ.

"'ತಂದಿದ್ದು ಸಾಕು. ಮೊದಲು ತಂದಿದ್ರಲ್ಲ, ಆ ಸ್ಟೀಲ್ ಲೋಟಾನೇ ತೊಳ್ಕೊಂಡು ಕೊಡಿ.'

"ವ್ಯಾಪಾರಿಗೆ ಪುಣ್ಯ ಬೇಕಿತ್ತು, ಕೈ ಒದ್ದೆಯಾಗುವುದು ಬೇಕಿರಲಿಲ್ಲ. ಮಾರನೆಯ ದಿನ ಅರವಟಿಗೆಯನ್ನೇ ಮುಚ್ಚಿದ. ಬಿಸಿಲಲ್ಲಿ ಬಂದವರು ಬಾಯಾರಿಕೊಂಡೇ ಮುಂದೆ ಹೋದರು."

ಗುರುಗಳು ಮಾತು ನಿಲ್ಲಿಸಿದರು. ಮರುಳಯ್ಯ ತಡೆದು ತಡೆದು ಕೇಳಿದ: "ಹಾಗಾದರೆ ಸ್ಟೀಲ್ ಲೋಟವನ್ನೇ ತರಿಸೋಣವೇ, ಬುದ್ಧಿ?"

"ಲೋಟ ಮಠದ ಉಗ್ರಾಣದಲ್ಲಿ ಬೇಕಾದಷ್ಟಿವೆ, ಮರುಳಯ್ಯ. ನನ್ನ ಪಕ್ಕ ಕೂತು ಎಲ್ಲರ ಎಂಜಲು ತೊಳೆಯಲು ನಿಮ್ಮಲ್ಲಿ ಯಾರು ಬರುತ್ತೀರಿ?"