ಒಂದು ಗೇಣು ಹಳೆಯ ಹಾಸು

"ಗುರುಗಳೇ, ಕಲಿಸಿದ್ದನ್ನೇ ಎಷ್ಟು ಸಲ ಕಲಿಸಬೇಕು?"

ಪ್ರಶ್ನೆ ಕೇಳಿದವನು ಅಡವೀಶ. ಮಠಕ್ಕೆ ಬರುವ ಮೊದಲು ಅವನು ಹತ್ತು ವರ್ಷ ಶಾಲೆಯಲ್ಲಿ ಮೇಷ್ಟರಾಗಿದ್ದ. ಕಲಿಸುವುದೊಂದು ತನಗೆ ಚೆನ್ನಾಗಿ ಬರುತ್ತದೆ ಎಂದು ನಂಬಿದ್ದ. ಈಗ ಆ ನಂಬಿಕೆಗೇ ಪೆಟ್ಟು ಬಿದ್ದಿತ್ತು.

ಗುರುಗಳು ಮೊರದ ಮುಂದೆ ಕುಳಿತು ಅವರೆಕಾಯಿ ಸುಲಿಯುತ್ತಿದ್ದರು. ತಲೆ ಎತ್ತದೆ ಕೇಳಿದರು: "ಯಾರಿಗೆ ಕಲಿಸುತ್ತಿದ್ದೀಯಪ್ಪ?"

"ಮುರಿಗೆಪ್ಪನವರಿಗೆ."

ಮುರಿಗೆಪ್ಪ ಮಠದ ಹಿರಿಯ ಶಿಷ್ಯ. ಗುರುಗಳು ಹೇಳಿದ ಕತೆಗಳನ್ನು ನಲವತ್ತು ವರ್ಷಗಳಿಂದ ಕೈಯಾರೆ ಬರೆದಿಟ್ಟವರು. ಹೋದ ಮಳೆಗಾಲದಲ್ಲಿ ಅವರ ಎರಡು ನೋಟುಬುಕ್ಕುಗಳನ್ನು ಗೆದ್ದಲು ತಿಂದಿತ್ತು. ಅದನ್ನು ಕೇಳಿದ ಭಕ್ತರೊಬ್ಬರು ಹೊಸ ಲ್ಯಾಪ್‌ಟಾಪ್ ತಂದುಕೊಟ್ಟಿದ್ದರು. ಅದನ್ನು ಕಲಿಸುವ ಕೆಲಸ ಅಡವೀಶನದಾಗಿತ್ತು.

"ನನ್ನ ಕಡೆಯಿಂದ ಏನೂ ಕಡಿಮೆಯಾಗಿಲ್ಲ, ಗುರುಗಳೇ. ಮೊದಲ ದಿನವೇ ಅವರ ಕೋಣೆಯನ್ನು ಅಚ್ಚುಕಟ್ಟು ಮಾಡಿದೆ. ಬರೆಯುವ ಮಣೆ, ಶಾಯಿ ಪೆನ್ನು, ಹಳೆಯ ನೋಟುಬುಕ್ಕು ಎಲ್ಲವನ್ನೂ ಅಟ್ಟಕ್ಕೆ ಸಾಗಿಸಿ ಮೇಜು ಕುರ್ಚಿ ಹಾಕಿಸಿದೆ. ಯಂತ್ರ ತೆರೆಯುವುದು ಹೇಗೆ, ಕನ್ನಡ ಅಕ್ಷರ ಮೂಡಿಸುವುದು ಹೇಗೆ, ಒಂದೊಂದನ್ನೂ ತೋರಿಸಿದೆ. ಇಪ್ಪತ್ತು ದಿನವಾಯಿತು. ಇವತ್ತಿಗೂ 'ಅಡವೀಶಪ್ಪಾ, ಇದನ್ನು ಎಬ್ಬಿಸುವುದು ಹೇಗಪ್ಪಾ?' ಎನ್ನುತ್ತಾರೆ. ಬೆಳಗ್ಗೆ ಕುರ್ಚಿಯಿಂದ ಎದ್ದು, 'ನಾಳೆಯಿಂದ ನನಗೆ ಹೂದೋಟದ ಕೆಲಸ ಕೊಟ್ಟುಬಿಡು, ಮಾರಾಯ' ಎಂದರು. ಅವರು ಬರೆಯುವುದನ್ನೇ ಬಿಟ್ಟರೆ ನಿಮ್ಮ ಕತೆಗಳ ಗತಿ ಏನು?"

"ನೀನು ಬರೆ."

"ನಾನು ಬರೆದರೆ ಅರ್ಧ ಗಂಟೆಯ ಕೆಲಸ. ಆದರೆ ಅವರು ತೋಟದ ಕಡೆ ನಡೆದು ಹೋದದ್ದನ್ನು ನೋಡಿದ ಮೇಲೆ ನನಗೆ ಊಟ ಸೇರಲಿಲ್ಲ."

ಗುರುಗಳು ಮೊದಲ ಸಲ ತಲೆ ಎತ್ತಿ ಅವನನ್ನು ನೋಡಿದರು. ಮೊರವನ್ನು ಅವನ ಕಡೆಗೆ ಅರ್ಧ ಸರಿಸಿದರು.

"ಸುಲಿಯುತ್ತ ಕೇಳು."

ಅಡವೀಶ ಕುಳಿತ. ಗುರುಗಳು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ನೇಕಾರನಿದ್ದ. ಅವನು ನೇಯುವ ಸೀರೆಯ ಅಂಚು ಬೇರೆ ಯಾರಿಗೂ ಬರುತ್ತಿರಲಿಲ್ಲ. ಅದನ್ನು ಅವನು ತಾಯಿಯಿಂದ ಕಲಿತಿದ್ದ. ಯಾವ ಕಾಗದದ ಮೇಲೂ ಅದು ಇರಲಿಲ್ಲ. ಮೂರು ಎತ್ತು, ಒಂದು ಬಿಡು, ಐದು ಎತ್ತು, ಎರಡು ಬಿಡು ಎಂದು ಗುನುಗುತ್ತ ಬೆರಳಿನಿಂದ ಎಳೆಗಳನ್ನು ಎತ್ತುತ್ತಿದ್ದ. ಹಾಗೆ ಅರವತ್ತು ಸಾಲು ಮುಗಿದರೆ ಅಂಚಿನಲ್ಲಿ ಒಂದು ಹೂವು ಅರಳುತ್ತಿತ್ತು.

ಅವನಿಗೆ ವಯಸ್ಸಾಯಿತು. ಬಲಗೈ ನಡುಗತೊಡಗಿತು. ಸೀರೆ ಕೊಳ್ಳುವ ವ್ಯಾಪಾರಿ ಅದನ್ನು ಕಂಡು ಹೇಳಿದ: "ಅಣ್ಣಾ, ನಿಮ್ಮ ಅಂಚನ್ನು ಲ್ಯಾಪ್‌ಟಾಪಿನಲ್ಲಿ ಬಿಡಿಸಿಟ್ಟುಬಿಡಿ. ಅದನ್ನು ನೋಡಿ ಮುಂದೆ ಯಾರಾದರೂ ನೇದಾರು. ಇಲ್ಲದಿದ್ದರೆ ಅದೂ ನಿಮ್ಮ ಜೊತೆಗೇ ಹೋಗುತ್ತದೆ."

ಆ ಮಾತು ನೇಕಾರನ ಎದೆಗೆ ನಾಟಿತು. ಮರುವಾರ ಮನೆಗೆ ಹೊಸ ಲ್ಯಾಪ್‌ಟಾಪ್ ಬಂತು.

ನೇಕಾರನಿಗೆ ಒಬ್ಬಳು ಸೊಸೆ. ಅವಳು ನೇಯುವ ಮನೆತನದಿಂದ ಬಂದವಳಲ್ಲ. ತವರೂರಿನ ಜೆರಾಕ್ಸ್ ಅಂಗಡಿಯಲ್ಲಿ ಕೆಲಸ ಮಾಡಿ ಕಂಪ್ಯೂಟರ್ ಕಲಿತವಳು. ಅವಳೇ ಪೆಟ್ಟಿಗೆ ಬಿಚ್ಚಿದಳು, ಚಾರ್ಜಿಗೆ ಹಾಕಿದಳು, ಭಾಷೆ ಆರಿಸಿದಳು, ಗುಟ್ಟಿನ ಪಾಸ್‌ವರ್ಡನ್ನೂ ಇಟ್ಟಳು. ಮಾವ ಕುಂಕುಮ ಹಚ್ಚಿ ಕೈಮುಗಿದ.

ಮೊದಲು ಅವಳು ಹೇಳಿದಳು: "ನೀವು ಕಲಿಯುವ ಕಷ್ಟ ಯಾಕೆ ಮಾವಾ? ನೀವು ಅಂಚು ಹೇಳಿ, ನಾನು ಬಿಡಿಸುತ್ತೇನೆ."

ನೇಕಾರ ಹೇಳಲು ಕುಳಿತ. ಐದನೆಯ ಸಾಲಿಗೆ ನಿಂತುಹೋದ. ಮತ್ತೆ ಮೊದಲಿನಿಂದ ಹೇಳಿದ. ಮತ್ತೆ ಐದನೆಯ ಸಾಲಿಗೇ ನಿಂತ. ಎಷ್ಟು ಸಲ ಹೇಳಿದರೂ ಅಷ್ಟೇ. ಕೈ ಆಡಿದರೆ ಮಾತ್ರ ಮುಂದಿನ ಸಾಲು ಅವನ ಬಾಯಿಗೆ ಬರುತ್ತಿತ್ತು. ಸುಮ್ಮನೆ ಕುಳಿತ ಬಾಯಿಗೆ ಬರುತ್ತಿರಲಿಲ್ಲ. ಆದ್ದರಿಂದ ಅವನ ಕೈಯೇ ಯಂತ್ರ ಹಿಡಿಯಬೇಕಾಯಿತು.

ಸೊಸೆ ತಾನು ಅಂಗಡಿಯಲ್ಲಿ ಕಲಿತ ಕ್ರಮದಲ್ಲಿಯೇ ಕಲಿಸಿದಳು. ಫೋಟೋ ತೆರೆಯುವುದು, ಅರ್ಜಿ ಬರೆಯುವುದು, ಒಂದು ಚಿತ್ರವನ್ನು ಇನ್ನೊಂದರ ಪಕ್ಕಕ್ಕೆ ಇಡುವುದು. ಮಾವ ಎಲ್ಲದಕ್ಕೂ ತಲೆ ಆಡಿಸಿದ. ಮರುದಿನ ಎಲ್ಲವನ್ನೂ ಮರೆತ. ಪಾಸ್‌ವರ್ಡನ್ನು ಗೋಡೆಯ ಮೇಲೆ ಬರೆದು ಕೊಟ್ಟಳು. ಕನ್ನಡಕ ಹುಡುಕುವಷ್ಟರಲ್ಲಿ ತಾನು ಯಾಕೆ ಎದ್ದೆ ಎಂಬುದನ್ನೇ ಮರೆಯುತ್ತಿದ್ದ. ಅಮಾವಾಸ್ಯೆಯ ದಿನ ಮಗ್ಗ ಮುಟ್ಟುವ ಪದ್ಧತಿ ಇಲ್ಲವೆಂದು ಲ್ಯಾಪ್‌ಟಾಪನ್ನೂ ಮುಟ್ಟಲಿಲ್ಲ. ಇನ್ನೊಂದು ತೊಂದರೆಯೂ ಇತ್ತು. ಸಂಜೆ ಏಳುವಾಗ ಅವನು ಅದನ್ನು ಮುಚ್ಚುತ್ತಿರಲಿಲ್ಲ. ಅರ್ಧ ತೆರೆದೇ ಬಿಡುತ್ತಿದ್ದ. ಬೆಳಗಾಗುವಷ್ಟರಲ್ಲಿ ಚಾರ್ಜು ಮುಗಿದು, ದಿನವೆಲ್ಲ ಒದ್ದಾಡಿ ಬಿಡಿಸಿದ ನಾಲ್ಕು ಸೊಟ್ಟ ಗೆರೆಗಳೂ ಇರುತ್ತಿರಲಿಲ್ಲ.

"ಮಾವಾ, ಉಳಿಸಿ ಮುಚ್ಚಿ ಏಳಬೇಕು ಅಂತ ಎಷ್ಟು ಸಲ ಹೇಳಲಿ?"

"ದಿನದ ಕೆಲಸ ಮುಗಿದ ಮೇಲೆ ಮಗ್ಗದ ಹಾಸಿನ ಬಿಗಿ ಸಡಿಲಿಸಿ ಏಳಬೇಕು, ಯವ್ವಾ. ಬಿಗಿಯಾಗಿ ಬಿಟ್ಟರೆ ಎಳೆ ಹರಿಯುತ್ತದೆ. ಇದೂ ಪಾಪ, ದಿನವೆಲ್ಲ ದುಡಿದಿದೆಯಲ್ಲ, ಬಿಗಿಯಾಗಿ ಮುಚ್ಚಬಾರದು."

ಸೊಸೆಗೆ ನಗು ಬಂತು, ಸಿಟ್ಟೂ ಬಂತು. ಒಂದು ದಿನ ಸಿಟ್ಟೇ ಮೇಲಾಯಿತು. "ಇದು ಮಗ್ಗ ಅಲ್ಲ ಮಾವಾ. ಮಗ್ಗವನ್ನು ಸ್ವಲ್ಪ ಮರೆತುಬಿಡಿ" ಎಂದಳು.

ನೇಕಾರ ಎದ್ದ. ಲ್ಯಾಪ್‌ಟಾಪಿನ ಮೇಲೆ ಒಂದು ಬಿಳಿ ಬಟ್ಟೆ ಹೊದಿಸಿದ. ಹೋಗಿ ಮಗ್ಗದಲ್ಲಿ ಕುಳಿತ. ಆಮೇಲೆ ಅದರ ಹತ್ತಿರ ಬರಲಿಲ್ಲ.

ಅದೇ ವಾರ ಮಗ್ಗದ ಮೇಲಿನ ಹಾಸು ಮುಗಿಯಿತು. ಹಾಸು ಎಂದರೆ ಮಗ್ಗದ ಉದ್ದಕ್ಕೂ ಬಿಗಿದ ನೂಲು. ನೇಕಾರ ಸೀರೆ ಕತ್ತರಿಸಿಕೊಂಡು, ಕೊನೆಯಲ್ಲಿ ಒಂದು ಗೇಣು ಹಳೆಯ ನೂಲನ್ನು ಹಾಗೆಯೇ ಬಿಟ್ಟ. ಹೊಸ ಹಾಸನ್ನು ತಂದಿಟ್ಟು ಸೊಸೆಯನ್ನು ಕೂಗಿದ. ಅವನ ಕೈ ನಡುಗುತ್ತಿತ್ತು. ಕೆಚ್ಚುವ ಕೆಲಸ ಅವಳೇ ಮಾಡಬೇಕಿತ್ತು. ಬೆರಳಿಗೆ ಬೂದಿ ಹಚ್ಚಿಕೊಂಡು, ಹಳೆಯ ಎಳೆಯ ತುದಿಗೆ ಹೊಸ ಎಳೆಯ ತುದಿಯನ್ನು ಹೊಸೆಯುವುದೇ ಕೆಚ್ಚುವುದು. ಮೂರು ಸಾವಿರ ಎಳೆ ಹೊಸೆದು, ಹಳೆಯದನ್ನು ಮೆಲ್ಲಗೆ ಎಳೆದರೆ ಅದರ ಹಿಂದೆಯೇ ಹೊಸದು ಹಣಿಗೆಯೊಳಗೆ, ಅಂದರೆ ಎಳೆಗಳನ್ನು ಬಿಡಿಬಿಡಿಯಾಗಿ ಹಿಡಿಯುವ ಬಾಚಣಿಗೆಯಂಥ ಚೌಕಟ್ಟಿನೊಳಗೆ, ನಡೆದು ಬರುತ್ತದೆ.

ಸೊಸೆ ಹೊಸೆಯುತ್ತ ಕುಳಿತಳು. ಆಗ ಅವಳಿಗೆ ತಾನು ಮದುವೆಯಾಗಿ ಬಂದ ಹೊಸ ದಿನಗಳು ನೆನಪಾದವು. ಮಾವನಿಗೆ ನೆರವಾಗಲೆಂದು ಮಗ್ಗದ ಕೋಣೆ ಗುಡಿಸಿದ್ದಳು. ಹಣಿಗೆಯಲ್ಲಿ ಜೋತಾಡುತ್ತಿದ್ದ ಒಂದು ಗೇಣು ನೂಲನ್ನು ಕಸವೆಂದು ಕತ್ತರಿಸಿ, ಎಳೆದು ತೆಗೆದು, ಒಲೆಗೆ ಹಾಕಿದ್ದಳು. ಮಾವ ಬಂದು ಬರಿದಾದ ಮಗ್ಗವನ್ನು ನೋಡಿದ್ದ. ಮೂರು ಸಾವಿರ ಎಳೆಗಳನ್ನು ಒಂದೊಂದಾಗಿ ಹೊಸದಾಗಿ ಪೋಣಿಸಲು ಅವನಿಗೆ ನಾಲ್ಕು ದಿನ ಹಿಡಿದಿತ್ತು. ಅವನು ಬೈದಿರಲಿಲ್ಲ. ನಾಲ್ಕನೆಯ ದಿನ ಸಂಜೆ ಬೆನ್ನು ನೆಟ್ಟಗೆ ಮಾಡಿಕೊಂಡು ಇಷ್ಟೇ ಹೇಳಿದ್ದ: "ಮುಂದಿನ ಸಲ ಒಂದು ಗೇಣು ಬಿಡು, ಯವ್ವಾ."

ಸೊಸೆಯ ಬೆರಳು ನಿಂತಿತು. ಮೂಲೆಯ ಮೇಜಿನ ಮೇಲೆ ಬಿಳಿ ಬಟ್ಟೆ ಹೊದ್ದು ಕುಳಿತ ಲ್ಯಾಪ್‌ಟಾಪನ್ನು ನೋಡಿದಳು. ಮತ್ತೆ ಬೂದಿ ಹಚ್ಚಿಕೊಂಡು ಹೊಸೆದಳು.

ಕೆಚ್ಚುವುದು ಮುಗಿದ ಮರುದಿನ ಅವಳು ಲ್ಯಾಪ್‌ಟಾಪನ್ನು ಮೇಜಿನಿಂದ ಇಳಿಸಿ ಮಗ್ಗದ ಪಕ್ಕದ ನೆಲಕ್ಕೆ ತಂದಳು.

"ಮಾವಾ, ಅಂಚಿನ ಮೊದಲ ಸಾಲು ಹೇಗೆ?"

"ಮೂರು ಎತ್ತು, ಒಂದು ಬಿಡು, ಐದು ಎತ್ತು, ಎರಡು ಬಿಡು. ಯಾಕೆ?"

"ಇನ್ನು ಮೇಲೆ ಅದೇ ಇದರ ಬೀಗ. ಮೂರು, ಒಂದು, ಐದು, ಎರಡು. ನೀವೇ ಒತ್ತಿ."

ನೇಕಾರ ಒತ್ತಿದ. ಯಂತ್ರ ತೆರೆಯಿತು. ಅವನು ಕನ್ನಡಕ ಹುಡುಕಲಿಲ್ಲ.

ಸೊಸೆ ಚೌಕಳಿಯ ಹಾಳೆಯೊಂದನ್ನು ತೆರೆದಳು. "ಒಂದು ಚೌಕ ಒಂದು ಎಳೆ. ಎತ್ತುವ ಎಳೆಗೆ ಬಣ್ಣ ಹಾಕಿ. ಬಿಡುವ ಎಳೆಯನ್ನು ದಾಟಿ ಹೋಗಿ. ಸಂಜೆ ಏಳುವಾಗ ಈ ಗುಂಡಿ ಒತ್ತಿ. ಅದನ್ನು ಒತ್ತಿದರೆ ಇದರ ಬಿಗಿ ಸಡಿಲಿಸಿದ ಹಾಗೆ. ಆಮೇಲೆ ಮುಚ್ಚಿದರೆ ಏನೂ ಹರಿಯುವುದಿಲ್ಲ."

"ಇದನ್ನು ಮೊದಲೇ ಹೇಳಬಾರದಿತ್ತೇ?" ಎಂದ ನೇಕಾರ.

"ನನಗೆ ಇವತ್ತು ಗೊತ್ತಾಯಿತು ಮಾವಾ" ಎಂದಳು ಸೊಸೆ.

ನೇಕಾರ ಎಡಗೈಯನ್ನು ಮಗ್ಗದ ಎಳೆಗಳ ಮೇಲೆ ಇಟ್ಟುಕೊಂಡ. ನಡುಗುವ ಬಲಗೈಯ ಒಂದು ಬೆರಳಿನಿಂದ ಚೌಕಗಳಿಗೆ ಬಣ್ಣ ಹಾಕಿದ. ಎಡಗೈ ಆಡಿದಂತೆ ಬಾಯಿ ಗುನುಗಿತು. ಐದನೆಯ ಸಾಲು ದಾಟಿತು. ಆರನೆಯದು ಬಂತು. ಒಂದು ಚೌಕ ತಪ್ಪಿದರೆ ತಾನೇ ಅಳಿಸಿದ. ಅಮಾವಾಸ್ಯೆಗೆ ಮಾತ್ರ ರಜೆ ಕೊಟ್ಟ. ಅದಕ್ಕೆ ಸೊಸೆ ತಕರಾರು ಮಾಡಲಿಲ್ಲ. ಒಂದು ತಿಂಗಳಿಗೆ ಅರವತ್ತು ಸಾಲೂ ಮುಗಿದವು. ಪರದೆಯ ಮೇಲೆ ಹೂವು ಅರಳಿತು.

ಇದಕ್ಕೆ ಏನು ಹೆಸರಿಡಲಿ ಎಂದು ಯಂತ್ರ ಕೇಳಿತು. ಸೊಸೆ ಓದಿ ಹೇಳಿದಳು. ನೇಕಾರ ಒಂದೊಂದೇ ಅಕ್ಷರ ಹುಡುಕಿ ತನ್ನ ತಾಯಿಯ ಹೆಸರು ಬರೆದ. ಗುಂಡಿ ಒತ್ತಿ ಬಿಗಿ ಸಡಿಲಿಸಿದ. ಮುಚ್ಚಿದ. ಕೈಮುಗಿದು ಎದ್ದ.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು. ಮೊರದಲ್ಲಿ ಕಾಯಿ ಮುಗಿದಿತ್ತು. ಸಿಪ್ಪೆಯನ್ನು ಒಂದು ಕಡೆ ಮಾಡಿ, ಕಾಳನ್ನು ಬಟ್ಟಲಿಗೆ ತುಂಬಿದರು.

ಅಡವೀಶನ ಮುಖ ಅರಳಿತ್ತು. "ತಿಳಿಯಿತು, ಗುರುಗಳೇ" ಎಂದ. "ನನಗೆ ಇನ್ನಷ್ಟು ತಾಳ್ಮೆ ಬೇಕು. ಮುರಿಗೆಪ್ಪನವರನ್ನು ಈಗಲೇ ಕರೆದು ತರುತ್ತೇನೆ. ಮತ್ತೆ ಮೊದಲಿನಿಂದ ಕಲಿಸುತ್ತೇನೆ."

ಅವನು ಹೊರಡಲು ಎದ್ದ. ಗುರುಗಳು ಬಟ್ಟಲನ್ನು ಅವನ ಕೈಗೆ ಕೊಡುತ್ತ ಕೇಳಿದರು:

"ಅವನ ಬರೆಯುವ ಮಣೆಯನ್ನು ಎಲ್ಲಿಟ್ಟೆ ಎಂದೆ?"

ಅಡವೀಶ ಅಟ್ಟದ ಕಡೆ ನೋಡಿದ. ಬಟ್ಟಲನ್ನು ಕೆಳಗಿಟ್ಟು ಏಣಿ ತರಲು ಹೋದ.