ಅರ್ಧ ಬಿಂದಿಗೆ

"ಬುದ್ಧಿ, ನನ್ನ ಆಯಸ್ಸು ನನ್ನ ರಕ್ತದಲ್ಲೇ ಬರೆದಿದೆಯೆ?" ಎಂದು ಚನ್ನವೀರ ಕೇಳಿದ.

ಕೇಳಿದ್ದು ಕೊಳದಿಂದ ಗುಡ್ಡದ ಮೇಲಿನ ಮಠಕ್ಕೆ ಹತ್ತುವ ಮೆಟ್ಟಿಲುಗಳ ನಡುವೆ. ಗುರುಗಳು ತಾವು ಕುಡಿಯುವ ನೀರನ್ನು ದಿನವೂ ತಾವೇ ಹೊತ್ತು ತರುತ್ತಿದ್ದರು. ಬಿಂದಿಗೆಯನ್ನು ಎಂದೂ ಪೂರ್ತಿ ತುಂಬುತ್ತಿರಲಿಲ್ಲ. ಅಂದು ಬೆಳಿಗ್ಗೆ ಅವರು ಮೆಟ್ಟಿಲ ಮೇಲೆ ಕುಳಿತದ್ದನ್ನು ಕಂಡು ಚನ್ನವೀರ ಓಡಿಬಂದು ಬಿಂದಿಗೆಯನ್ನು ಅವರ ಕೈಯಿಂದ ಕಸಿದುಕೊಂಡ. "ಈ ವಯಸ್ಸಿನಲ್ಲಿ ಇದೆಲ್ಲ ತಮಗೇಕೆ ಬುದ್ಧಿ, ನಾವಿಲ್ಲವೆ?" ಎಂದ. ಆಮೇಲೆ, ಬಹಳ ದಿನಗಳಿಂದ ಕೇಳದೆ ಉಳಿದಿದ್ದ ಈ ಪ್ರಶ್ನೆ ಹೊರಗೆ ಬಂತು.

ಚನ್ನವೀರನಿಗೆ ನಲವತ್ತಾರು. ಅವನ ತಂದೆ ನಲವತ್ತೊಂಬತ್ತಕ್ಕೆ ಎದೆ ಹಿಡಿದುಕೊಂಡು ಹೋಗಿದ್ದರು. ಹೋದ ತಿಂಗಳು ಅಣ್ಣನೂ ಅದೇ ವಯಸ್ಸಿಗೆ, ಹಾಗೆಯೇ ಹೋದ. ಅಂದಿನಿಂದ ಚನ್ನವೀರ ಮಠದ ತೋಟದಲ್ಲಿ ತನ್ನ ಪಾಲಿನ ಅಗೆತವನ್ನು ಬಿಟ್ಟಿದ್ದ. ಪಾಠ ನಡೆಯುವಾಗಲೂ ಮಣಿಕಟ್ಟಿನ ಮೇಲೆ ಬೆರಳಿಟ್ಟು ನಾಡಿ ಎಣಿಸುತ್ತಿದ್ದ. ಮೂರು ವರ್ಷ ಉಳಿದಿದೆ ಎಂಬ ಲೆಕ್ಕ ಅವನನ್ನು ತಿನ್ನುತ್ತಿತ್ತು.

"ಕೂತುಕೋ," ಎಂದರು ಗುರುಗಳು. "ನಿಂತೇ ಸಾಯಬೇಕೆಂದು ಬರೆದಿಲ್ಲವಲ್ಲ."

ಚನ್ನವೀರ ಕೆಳಗಿನ ಮೆಟ್ಟಿಲಲ್ಲಿ ಕುಳಿತ. ಬಿಂದಿಗೆಯನ್ನು ಮಾತ್ರ ಕೈಬಿಡಲಿಲ್ಲ. ಗುರುಗಳು ಕತೆ ಹೇಳಿದರು.

ಒಂದೂರಿನಲ್ಲಿ ಒಂದು ಬಡಗಿಯ ಮನೆ. ಆ ಮನೆಯಲ್ಲಿ ಗಂಡಸರು ಐವತ್ತೆರಡು ದಾಟುತ್ತಿರಲಿಲ್ಲ. ಅಜ್ಜ, ಅಪ್ಪ, ದೊಡ್ಡಪ್ಪ, ಎಲ್ಲರೂ ಎದೆನೋವಿನಿಂದಲೇ ಹೋದವರು. ಹೇಗೂ ಹೋಗುವವರು, ಇರುವಷ್ಟು ದಿನ ಸುಖವಾಗಿರಲಿ ಎಂದು ಮನೆಯವರು ಒಂದು ವಾಡಿಕೆ ಮಾಡಿಕೊಂಡಿದ್ದರು. ಆಯುಧಪೂಜೆಯ ದಿನ ಎಲ್ಲರ ಬಾಚಿ, ಗರಗಸಗಳನ್ನು ತೊಳೆದು ದೇವರ ಮುಂದೆ ಇಡುತ್ತಾರಷ್ಟೆ. ಪೂಜೆ ಮುಗಿದ ಮೇಲೆ ಅವರವರ ಹತಾರ ಅವರವರಿಗೆ. ಐವತ್ತು ತುಂಬಿದವನ ಬಾಚಿ ಮಾತ್ರ ದೇವರ ಮನೆಯಲ್ಲೇ ಉಳಿಯುತ್ತಿತ್ತು. ಅವನಿಗೆ ಜಗಲಿಯ ಮೇಲೆ ಮೆತ್ತನೆಯ ಹಾಸಿಗೆ. ಹೊತ್ತುಹೊತ್ತಿಗೆ ತುಪ್ಪ ಸುರಿದ ಹೋಳಿಗೆ, ಕರಿದ ತಿಂಡಿ. ಕುಡಿಯುವ ನೀರೂ ಕೂತಲ್ಲಿಗೇ ಬರುತ್ತಿತ್ತು. ನೋಡಲು ಬಂದ ನೆಂಟರು ಪಕ್ಕದಲ್ಲಿ ಕೂತು ಕಣ್ಣೊರೆಸಿಕೊಂಡು ಹೋಗುತ್ತಿದ್ದರು. ಮನುಷ್ಯ ಇನ್ನೂ ಬದುಕಿದ್ದಾನೆ ಎನ್ನುವುದು ಅವರಿಗೆ ಮರೆತೇಹೋಗುತ್ತಿತ್ತು.

ಆ ಮನೆಯಲ್ಲಿ ಇಬ್ಬರು ಗಂಡುಮಕ್ಕಳು ಹುಟ್ಟಿದರು. ಒಬ್ಬನಾದರೂ ಉಳಿಯಲಿ ಎಂದು ತಾಯಿ ಕಿರಿಯವನನ್ನು ಮೂರನೆಯ ವಯಸ್ಸಿಗೇ ಬೇರೆ ಊರಿನವರಿಗೆ ಸಾಕಲು ಕೊಟ್ಟಳು. ಕೊಟ್ಟು ಬಂದವಳು ಬಹಳ ದಿನ ಅತ್ತಳು. ಅವನು ಬೆಳೆದ ಕಡೆ ಮುದುಕರ ಕೈಯಿಂದ ಯಾರೂ ಕೆಲಸ ಕಸಿಯುತ್ತಿರಲಿಲ್ಲ. ಎಂಬತ್ತು ದಾಟಿದವರೂ ಸೊಪ್ಪು ಬಿಡಿಸುತ್ತ, ಹಿತ್ತಲು ಗುಡಿಸುತ್ತ, ಉಪ್ಪು ಕಡಿಮೆಯಾಯಿತೆಂದು ಜಗಳವಾಡುತ್ತ ಇದ್ದರು.

ಹಿರಿಯವನಿಗೆ ಐವತ್ತಾಯಿತು. ವಾಡಿಕೆಯಂತೆ ಬಾಚಿ ಒಳಗೆ ಹೋಯಿತು. ಮೂರು ತಿಂಗಳು ಕಳೆದ ಮೇಲೆ ಅವನು ಮಗನನ್ನು ಕರೆದು, "ಒಂದ್ಸಲ ನನ್ನ ಬಾಚಿ ಕೊಡಪ್ಪ, ಒಂದು ಮಣೆನಾದ್ರೂ ಮಾಡ್ತೀನಿ. ಕೈ ಜೋಮು ಹಿಡಿದಂಗಾಗಿದೆ," ಎಂದ.

ಮಗ ತಂದೆಯ ಕಾಲು ಒತ್ತುತ್ತ, "ಬೇಡಪ್ಪ, ಸುಮ್ಮನಿರು. ಇನ್ನೆಷ್ಟು ದಿನ ಹೇಳು, ನಾವಿಲ್ವಾ?" ಎಂದ.

ಆ ಮಗನಿಗಿಂತ ಹೆಚ್ಚು ಪ್ರೀತಿ ಯಾರಿಗಿತ್ತು? ತಂದೆ ಮತ್ತೆ ಕೇಳಲಿಲ್ಲ. ಐವತ್ತೆರಡು ತುಂಬುವ ಮೊದಲೇ ಹೋದ.

ಆ ಮನೆಯಲ್ಲಿ ಒಬ್ಬ ಮನೆಅಳಿಯನೂ ಇದ್ದ. ಹೊರಗಿನಿಂದ ಬಂದವನು, ಆ ವಂಶದ ಒಂದು ಹನಿ ರಕ್ತವೂ ಅವನಲ್ಲಿರಲಿಲ್ಲ. ಅವನಿಗೂ ಐವತ್ತಾಯಿತೆಂದು ಅದೇ ಹಾಸಿಗೆ, ಅದೇ ತುಪ್ಪ, ಅದೇ ಕಣ್ಣೀರು. ಐವತ್ತೈದಕ್ಕೆ ಅವನೂ ಹೋದ. ಪಾಪ, ಈ ವಂಶದ ರಕ್ತವೇ ಹೀಗೆ ಎಂದು ಊರವರು ಅವನ ಹೆಣದ ಮುಂದೆಯೂ ಹೇಳಿದರು. ಒಬ್ಬನಿಗೂ ಏನೂ ಹೊಳೆಯಲಿಲ್ಲ.

ಅಣ್ಣನ ತಿಥಿಗೆ ಬಂದ ತಮ್ಮ ಇದನ್ನೆಲ್ಲ ಕೇಳಿಸಿಕೊಂಡು ಹೊರಟ. ಆಗ ಅವನಿಗೆ ನಲವತ್ತೊಂಬತ್ತು. ದಾರಿಯಲ್ಲೇ ಎದೆ ಹಿಂಡಿದಂತಾಯಿತು. ಎಡದ ತೋಳು ಸೆಳೆಯಿತು. ಅಪ್ಪನಿಗೆ ಬಂದದ್ದು, ಅಣ್ಣನಿಗೆ ಬಂದದ್ದು, ತನ್ನನ್ನೂ ಹುಡುಕಿಕೊಂಡು ಬಂತು ಎಂದು ನಡುಗಿಹೋದ. ಹೇಗೋ ಒಬ್ಬ ವೈದ್ಯನ ಬಾಗಿಲು ಸೇರಿದ.

ವೈದ್ಯ ತಿಂಗಳುಗಟ್ಟಲೆ ಮದ್ದು ಕೊಟ್ಟ, ಮಲಗಿಸಿದ. ನಿಂತು ನಡೆಯುವಂತಾದ ಮೇಲೆ ತಮ್ಮ ಕೇಳಿದ: "ನಿಜ ಹೇಳಿ. ನಾನು ಹೋಗಿ ಹಾಸಿಗೆ ಹಾಸಿಕೊಳ್ಳಲೆ?"

"ಈ ಎದೆ ನಿಮ್ಮಪ್ಪ ಕೊಟ್ಟದ್ದು. ಇದನ್ನು ಬದಲಾಯಿಸೋ ಮದ್ದು ನನ್ನ ಹತ್ತಿರ ಇಲ್ಲ," ಎಂದ ವೈದ್ಯ. "ತುಪ್ಪ ಬಿಡು, ಹೊಗೆಸೊಪ್ಪು ಬಿಡು. ಹೊರೋ ಹೊರೆನ ಅರ್ಧಕ್ಕೆ ಇಳಿಸು. ದಣಿವಾದ ಕಡೆ ಕೂತುಕೋ, ನಾಚಿಕೆ ಬೇಡ. ಆದರೆ ಹೊರೋದನ್ನ ಬಿಡಬೇಡ. ಎಷ್ಟು ದಿನ ಅಂತ ಮಾತ್ರ ನನ್ನ ಕೇಳಬೇಡ, ನನಗೆ ಗೊತ್ತಿಲ್ಲ."

ತಮ್ಮ ಹಾಗೆಯೇ ಮಾಡಿದ. ಧೈರ್ಯ ಬಂದು ಮಾಡಿದನೆಂದು ತಿಳಿಯಬೇಡ. ಹೆದರಿಕೊಂಡೇ ಮಾಡಿದ. ಐವತ್ತೆರಡರ ಆ ಇಡೀ ವರ್ಷ, ಪ್ರತಿ ಬೆಳಿಗ್ಗೆ ಏಳುವಾಗ, ಇವತ್ತೇ ಇರಬಹುದು ಎಂದುಕೊಂಡೇ ಎದ್ದ. ಎದ್ದು ಕೆಲಸಕ್ಕೆ ಹೋದ. ನೋವು ಆಗಾಗ ಬರುತ್ತಿತ್ತು. ಬಂದಾಗ ಕೂತ, ಹೋದಾಗ ಎದ್ದ.

ಇಷ್ಟು ಹೇಳಿ ಗುರುಗಳು ಎದ್ದು ನಿಂತರು. ಮೊಣಕಾಲು ಸರಿಮಾಡಿಕೊಂಡರು.

ಚನ್ನವೀರನ ಬೆರಳು ಮತ್ತೆ ಮಣಿಕಟ್ಟಿಗೆ ಹೋಗಿತ್ತು. ಅವನಿಗೆ ಬೇಕಾದದ್ದು ಒಂದೇ ಒಂದು ಸಂಖ್ಯೆ. "ಬುದ್ಧಿ," ಎಂದು ಕೇಳಿದ, "ಆ ತಮ್ಮ ಕೊನೆಗೆ ಎಷ್ಟು ವರ್ಷ ಬದುಕಿದ?"

"ಮೊನ್ನೆ ಎಪ್ಪತ್ತೆಂಟು ತುಂಬಿತು, ಅವನ ಬಿಂದಿಗೆ ನಿನ್ನ ಕೈಯಲ್ಲಿದೆ, ಇತ್ತ ಕೊಡು."