ಎಡಗೈಯ ಗಂಟು

ಮೌನೇಶ ಮೊದಲ ಸಲ ಊರು ಬಿಟ್ಟು ನಡೆದದ್ದು ಕಾರಹುಣ್ಣಿಮೆಯ ಮರುದಿನ, ಬುಧವಾರ. ಆಗ ಅವನಿಗೆ ಹನ್ನೊಂದು ವರ್ಷ. ಎಡಗೈಯಲ್ಲಿ ಬರೆಯುತ್ತಾನೆಂದು ಮೇಷ್ಟ್ರು ಅದೇ ಕೈಯ ಗೆಣ್ಣಿಗೆ ಸ್ಕೇಲಿನಿಂದ ಬಾರಿಸಿದ್ದರು. ಒಂದಕ್ಕೆ ಹೋಗಿಬರುತ್ತೇನೆಂದು ಬೆರಳೆತ್ತಿ ಹೊರಬಿದ್ದವನು ರಸ್ತೆಯಲ್ಲಿ ನಿಂತಿದ್ದ ಲಾರಿ ಹತ್ತಿದ. ಪಾಟಿಚೀಲ ಶಾಲೆಯಲ್ಲೇ ಉಳಿಯಿತು.

ಲಾರಿ ಇಳಿಸಿದ ಊರಿನಲ್ಲಿ ಒಬ್ಬ ವಯರಿಂಗ್ ಮೇಸ್ತ್ರಿ ಸಿಕ್ಕ. ಕೈ ಯಾವುದಾದರೇನು, ಗಂಟು ಬಿಗಿಯಾಗಿದ್ದರೆ ಸಾಕು ಎಂದ. ವಯರು ಕೂಡಿಸಿ, ಟೇಪು ಸುತ್ತುವ ಮುಂಚೆ ಕೆಂಪು ನೂಲಿನಿಂದ ಮೂರು ಸುತ್ತು ಹಾಕಿ ಗಂಟು ಬಿಗಿಯುವುದು ಆ ಮೇಸ್ತ್ರಿಯ ಪದ್ಧತಿ. ಮೌನೇಶನೂ ಅದನ್ನೇ ಕಲಿತ. ಎಡಚನಾದ್ದರಿಂದ ಅವನ ಸುತ್ತು ಮಾತ್ರ ತಿರುವುಮುರುವು.

ಕೆಲಸ ಕಲಿತ ಮೇಲೆ ಅಲ್ಲೂ ನಿಲ್ಲಲಿಲ್ಲ. ಹಿರಿಯೂರು, ದಾವಣಗೆರೆ, ಗದಗ, ಎಲ್ಲಿ ಗ್ಯಾರೇಜು ಕಂಡರೆ ಅಲ್ಲಿ ನಾಲ್ಕು ದಿನ. ಐದನೇ ದಿನ ಅಂಗಾಲು ಕೆರೆಯತೊಡಗುತ್ತಿತ್ತು. ಬಸ್ಸಿನ ಹಾರ್ನ್ ಕೇಳಿದರೆ ಕೈಯಲ್ಲಿದ್ದ ಸ್ಪ್ಯಾನರು ಭಾರವಾಗುತ್ತಿತ್ತು. ಅದಕ್ಕೇ ಅವನಿಗೆ ಬೇಗ ಮುಗಿಯುವ ಕೆಲಸವೇ ಇಷ್ಟ. ಚಾವಿ ತಿರುಗಿಸಿದರೆ ಗಾಡಿ ಸ್ಟಾರ್ಟ್ ಆಗುತ್ತಿಲ್ಲವೇ? ಎರಡು ವಯರು ಎಳೆದು, ಒಂದು ಗುಂಡಿ ಕೂರಿಸಿ ಚಾವಿಯ ಹಂಗಿಲ್ಲದೆ ಡೈರೆಕ್ಟ್ ಮಾಡಿದರಾಯಿತು. ಚಾ ಆರುವುದರೊಳಗೆ ಕೆಲಸ ಮುಗಿಯುತ್ತಿತ್ತು. ಗಿರಾಕಿ ಖುಷಿ, ಇವನಿಗೆ ಬಸ್ಸು.

ಹೀಗೆ ಸುತ್ತುತ್ತಾ ಒಂದು ಸಲ ಕುಷ್ಟಗಿಗೆ ಬಂದ. ಐದನೇ ದಿನ ಬೆಳಿಗ್ಗೆ ಚೀಲ ಕಟ್ಟುತ್ತಿದ್ದಾಗ, ಹಳೆಯ ಪಿಕಪ್ ಒಂದನ್ನು ಟ್ರ್ಯಾಕ್ಟರಿಗೆ ಕಟ್ಟಿ ಗ್ಯಾರೇಜಿಗೆ ಎಳೆದು ತಂದರು. ಮುಂದಿನ ಬಂಪರು ಜಜ್ಜಿಹೋಗಿತ್ತು. ಇಳಿದವಳು ಹುಲಿಗೆಮ್ಮ, ಗಾಡಿಯ ಒಡತಿಯೂ ಅವಳೇ, ಡ್ರೈವರೂ ಅವಳೇ. ದಿನಾ ಹನ್ನೆರಡು ಹೆಣ್ಣಾಳುಗಳನ್ನು ಹಿಂದೆ ನಿಲ್ಲಿಸಿಕೊಂಡು ಬೀಜದ ಹತ್ತಿಯ ಹೊಲಕ್ಕೆ ಒಯ್ಯುತ್ತಿದ್ದಳು. ಅಲ್ಲಿ ಬೀಜ ಕಟ್ಟಲೆಂದು ಹೂವಿಗೆ ಹೂವು ಮುಟ್ಟಿಸಿ ಪರಾಗ ಹಚ್ಚುವ ಕೆಲಸ. ಬಿಸಿಲೇರುವುದರೊಳಗೆ ಮುಗಿಯದಿದ್ದರೆ ಅವತ್ತಿನ ಹೂವು ವ್ಯರ್ಥ.

"ತಮ್ಮಾ, ನಿನ್ನೆ ತಿರುವಿನ್ಯಾಗ ಸ್ಟೇರಿಂಗ್ ಒಮ್ಮೆಲೇ ಬಿಗಿದು ನಿಂತುಬಿಡ್ತು. ಇಂಜಿನ್ ಓಡಾಕತ್ತೈತಿ, ಸ್ಟೇರಿಂಗ್ ಅಲುಗವಲ್ದು. ಸೀದಾ ಜಲ್ಲಿ ರಾಶಿಗೆ ಹೋಗಿ ಗುದ್ದಿದ್ವಿ. ಪುಣ್ಯಕ್ಕ ಬಳಿ ಒಡೆದ್ವು, ತಲಿ ಒಡೀಲಿಲ್ಲ."

"ಚಾವಿ ಎಲ್ಲೈತ್ರೀ ಯಕ್ಕಾ?"

ಅವಳು ಕೊಟ್ಟದ್ದು ಚಾವಿಯಲ್ಲ, ಒಂದು ಸಂಸಾರ. ಮನೆಯ ಕೀಲಿ, ಪೆಟ್ಟಿಗೆಯ ಕೀಲಿ, ಎರಡು ತಾಯತ, ಅಂಗೈ ತುಂಬುವ ಹಿತ್ತಾಳೆ ಗಂಟೆ.

"ಗಾಡಿ ಕೈಕೊಟ್ಟಾಗೊಮ್ಮೆ ಒಂದೊಂದು ಕಟ್ಟೀನಿ," ಎಂದಳು ಹುಲಿಗೆಮ್ಮ. "ಯಾರದೋ ಕಣ್ಣು ಬಿದ್ದೈತಿ ಇದಕ್ಕ. ಈಗ ಗುಂಡಿ ಒತ್ತಿದ್ರೂ ಸೆಲ್ಫ್ ಹೊಡೀವಲ್ದು. ಅಷ್ಟು ಸರಿ ಮಾಡಿಕೊಡು, ನಾಳೆ ಹೊತ್ತು ಮೂಡೂದ್ರಾಗ ಹೊಲದಾಗಿರಬೇಕು."

ಗುಂಡಿಯೆಂದರೆ ಮೌನೇಶನ ಹತ್ತು ನಿಮಿಷದ ಕೆಲಸ. ಹನ್ನೊಂದರ ಬಸ್ಸು ಸಿಗುತ್ತದೆ ಎಂದುಕೊಂಡು ಸ್ಟೇರಿಂಗ್ ಕೆಳಗಿನ ಕವರು ಬಿಚ್ಚಿದ. ಹಳೆಯ ಟೇಪು ಸುಲಿದ.

ಒಳಗೆ ಕೆಂಪು ನೂಲು. ಮೂರು ಸುತ್ತು. ತಿರುವುಮುರುವು.

ಅವನ ಕೈ ಅಲ್ಲೇ ನಿಂತಿತು. "ಯಕ್ಕಾ, ಈ ಗಾಡಿ ಎಲ್ಲಿಂದ ಬಂತು?"

"ಹೊಸಪೇಟಿಯಾಗ ಕೊಂಡೆ. ಅದಕ್ಕೂ ಮುಂಚೆ ಹಿರಿಯೂರಾಗ ಇತ್ತಂತ. ಆ ಗುಂಡಿ ಕೂಡಿಸಿದವನ ಕೈಗೆ ಹುಳ ಬೀಳಲಿ. ಅಂವಗ ಜ್ವರ ಬರಲಿ, ಹತ್ತಿದ ಬಸ್ಸು ಕೆಟ್ಟು ನಿಲ್ಲಲಿ."

ಮೌನೇಶ ಸೀಟಿನ ಕೆಳಗೇ ಅಂಗಾತ ಮಲಗಿ ಎಲ್ಲವನ್ನೂ ಕೇಳಿಸಿಕೊಂಡ. ಎಂಟು ವರ್ಷದ ಹಿಂದೆ ಹಿರಿಯೂರಿನಲ್ಲಿ ಇದೇ ಗಾಡಿ, ಇದೇ ಅವಸರ. ಆಗಲೇ ಚಾವಿ ಹಾಕುವ ಲಾಕು ಸವೆದಿತ್ತು, ಅದು ಅವನಿಗೆ ಗೊತ್ತಿತ್ತು. ಲಾಕ್ ಬಿಚ್ಚಿದರೆ ಒಂದೆರಡು ದಿನ ಹೋಗುತ್ತದೆಂದು ಅದನ್ನು ಮುಟ್ಟದೆ ಗುಂಡಿ ಕೂರಿಸಿ ಬಸ್ಸು ಹತ್ತಿದ್ದ. ಆಮೇಲೆ ಈ ಚಾವಿ ಗೊಂಚಲಿನ ಭಾರಕ್ಕೆ ಲಾಕು ಇನ್ನಷ್ಟು ಸವೆದಿದೆ. ಸ್ಟೇರಿಂಗ್ ಬಿಡಿಸಲೆಂದು ಹಾಕಿದ್ದ ಚಾವಿ ನಿನ್ನೆ ಕುಲುಕಾಟಕ್ಕೆ ಜಾರಿ ಹೊರಬಂದಿದೆ. ಚಾವಿ ಹೊರಬಂದರೆ ಲಾಕಿನ ಕಡ್ಡಿ ಸಿಡಿದು ಸ್ಟೇರಿಂಗ್ ಹಿಡಿಯುತ್ತದೆ. ಇಂಜಿನ್ನು ಮಾತ್ರ ಅವನ ವಯರಿನ ಮೇಲೆ ಓಡುತ್ತಲೇ ಇರುತ್ತದೆ.

ಸುಮ್ಮನೆ ವಯರು ಕೂಡಿಸಿ ಹೋದರೆ ಯಾರಿಗೂ ತಿಳಿಯುವುದಿಲ್ಲ. ರಸ್ತೆಯಲ್ಲಿ ಹಾರ್ನ್ ಆಯಿತು. ಅಂಗಾಲು ಕೆರೆಯಿತು. ಆದರೆ ಮುಂದಿನ ತಿರುವಿನಲ್ಲಿ ಜಲ್ಲಿಯ ರಾಶಿ ಇರಬೇಕಲ್ಲ, ಇಲ್ಲದಿದ್ದರೆ?

"ಲಾಕ್ ಸೆಟ್ಟೇ ಬದಲಿ ಮಾಡಬೇಕ್ರಿ. ಮೂರು ದಿನ ಗಾಡಿ ಇಲ್ಲೇ ಇರಲಿ," ಎಂದ.

"ಮೂರು ದಿನ ಹೂವು ಕಾಯ್ತಾವೇನು? ಡೈರೆಕ್ಟ್ ಮಾಡು ಅಂತೀನಿ. ಆಗೂದಿಲ್ಲಂದ್ರ ಬ್ಯಾರೆ ಗ್ಯಾರೇಜ್ ಅದಾವ."

ಅವಳು ಟ್ರ್ಯಾಕ್ಟರಿನವನನ್ನು ಕರೆಯಲು ತಿರುಗಿದಳು. ಈಗ ಹೇಳದಿದ್ದರೆ ಗಾಡಿ ಹೋಗುತ್ತದೆ.

"ಯಕ್ಕಾ, ಆ ಗುಂಡಿ ಕೂಡಿಸಿದಂವ ನಾನೇ. ಈ ಕೆಂಪು ನೂಲಿನ ಎಡಗೈ ಗಂಟು ನಂದು."

ಹುಲಿಗೆಮ್ಮ ಅವನ ಎಡಗೈಯನ್ನು ನೋಡಿದಳು, ನೂಲನ್ನು ನೋಡಿದಳು. "ಮತ್ತ ಇಷ್ಟೊತ್ತು ಬೈಸಿಕೊಂಡು ಬಿದ್ದಿದ್ದೆಲ್ಲಾ."

"ಜ್ವರದ ತನಕ ಕೇಳಿದೆ. ಬಸ್ಸಿಂದು ಬೈಬಾರದಿತ್ತು."

ಅವಳು ನಗಲಿಲ್ಲ. ಆದರೆ ಟ್ರ್ಯಾಕ್ಟರಿನವನನ್ನು ವಾಪಸು ಕಳಿಸಿದಳು. "ಮೂರು ದಿನ ನೀನೂ ಇಲ್ಲೇ ಇರಬೇಕು," ಎಂದಳು. ಅವನ ಚೀಲವನ್ನು ಎತ್ತಿ ಪಿಕಪ್ಪಿನ ಕ್ಯಾಬಿನ್ನಿನೊಳಗಿಟ್ಟು ಬಾಗಿಲು ಹಾಕಿದಳು.

ಹೊಸಪೇಟೆಯಿಂದ ಲಾಕ್ ಸೆಟ್ಟು ಬರಬೇಕಿತ್ತು. ಹಳೆಯದರ ಬೋಲ್ಟುಗಳಿಗೆ ತಲೆಯೇ ಇಲ್ಲ, ಕದಿಯುವವರು ಬಿಚ್ಚಬಾರದೆಂದು ಹಾಗೆ ಮಾಡಿರುತ್ತಾರೆ. ಉಳಿಯಿಂದ ಕೂದಲೆಳೆಯಷ್ಟೇ ತಟ್ಟಿ ತಟ್ಟಿ ತಿರುಗಿಸಬೇಕು. ಒಂದು ಬೋಲ್ಟಿಗೆ ಅರ್ಧ ದಿನ. ಅವನು ಎದ್ದ, ಕೂತ, ರಸ್ತೆಯ ತನಕ ಹೋಗಿ ಬಂದ, ಮತ್ತೆ ಉಳಿ ಹಿಡಿದ.

ದಿನಾ ನಸುಕಿನಲ್ಲಿ ಆ ಹನ್ನೆರಡು ಹೆಂಗಸರು ಬುತ್ತಿ ಹಿಡಿದು ಗ್ಯಾರೇಜಿನ ಮುಂದೆಯೇ ಹೊಲಕ್ಕೆ ನಡೆದು ಹೋಗುತ್ತಿದ್ದರು.

"ಮೇಸ್ತ್ರಿ, ಇನ್ನೂ ಓಡಿಹೋಗಿಲ್ಲೇನು?" ಎಂದಿತು ಮೊದಲ ದಿನ ಒಂದು ದನಿ.

ಎರಡನೇ ದಿನ ಇನ್ನೊಂದು. "ಅಂವಗ ಬೈಬ್ಯಾಡ್ರೆ. ನಮ್ಮ ಕಾಲಿಗೆ ಚಲೋ ವ್ಯಾಯಾಮ ಕೊಡಿಸ್ಯಾನ."

ಮೂರನೇ ದಿನ ಒಬ್ಬಳು ಎರಡು ರೊಟ್ಟಿ ಇಟ್ಟು ಹೋದಳು. ಬೈಗುಳಕ್ಕಿಂತ ಆ ರೊಟ್ಟಿಯೇ ಅವನಿಗೆ ನುಂಗಲು ಕಷ್ಟವಾಯಿತು.

ಅವತ್ತು ಸಂಜೆ ಹೊಸ ಲಾಕ್ ಕೂತಿತು. ಗುಂಡಿ ಕಿತ್ತ, ತನ್ನ ಗಂಟನ್ನು ತಾನೇ ಬಿಚ್ಚಿದ. ಗೊಂಚಲಿನ ಒಂದೊಂದನ್ನೇ ಕಳಚಿ ಹುಲಿಗೆಮ್ಮನ ಮಡಿಲಿಗೆ ಹಾಕಿದ. "ಚಾವಿ ಒಂದೇ ಇರಲಿ ಯಕ್ಕಾ. ತಾಯತ, ಗಂಟಿ ಕನ್ನಡಿಗೆ ಕಟ್ಟು. ದೇವರಿಗೆ ಅಲ್ಲಿಂದಲೂ ರಸ್ತೆ ಕಾಣ್ತದ." ಆಮೇಲೆ ಗಾಡಿ ಗುದ್ದಿದ್ದ ಆ ತಿರುವಿಗೆ ತಾನೇ ಪಕ್ಕದಲ್ಲಿ ಕೂತು ಹೋದ. ಏಳು ಸಲ ಹೋದರು, ಏಳು ಸಲ ಬಂದರು. ಎಂಟನೇ ಸಲಕ್ಕೆ ಹುಲಿಗೆಮ್ಮನೇ, "ಸಾಕು ಬಿಡೋ, ಡೀಸೆಲ್ ನಂದು," ಎಂದಳು.

ಮರುದಿನ ನಸುಕಿನಲ್ಲಿ ಪಿಕಪ್ಪು ಹನ್ನೆರಡು ಜನರನ್ನು ತುಂಬಿಕೊಂಡು ಬಂದು ಗ್ಯಾರೇಜಿನ ಮುಂದೆ ನಿಂತಿತು. ಮೌನೇಶ ಕಟ್ಟಿಂಗ್ ಪ್ಲೇಯರು, ಟೆಸ್ಟ್ ಲ್ಯಾಂಪು, ನೂಲಿನ ಉಂಡೆಯನ್ನು ಚೀಲಕ್ಕೆ ತುಂಬುತ್ತಿದ್ದ.

"ಹೊಂಟೇನು?" ಎಂದಳು ಹುಲಿಗೆಮ್ಮ.

"ಹೊಂಟೆ ಯಕ್ಕಾ. ಹಿರಿಯೂರ ಕಡೆ. ನಾ ಗುಂಡಿ ಕೂಡಿಸಿದ ಇಂಥ ಗಾಡಿ ಇನ್ನೂ ನಾಲ್ಕೈದು ಅದಾವ."

ಅವಳು ಹಿತ್ತಾಳೆ ಗಂಟೆಯನ್ನು ಅವನ ಚೀಲದ ಬಾಯಿಗೆ ಕಟ್ಟಿದಳು. "ಹೋಗು. ಆದ್ರ ಇನ್ನು ಮ್ಯಾಲೆ ಸಪ್ಪಳ ಮಾಡ್ಕೊಂತ ಹೋಗು."

ಮೌನೇಶ ಚೀಲದ ಹಗ್ಗವನ್ನು ಎಡಗೈಯಿಂದ ಬಿಗಿದ.

ನೀತಿ: ಊರು ಬಿಟ್ಟು ಹೋಗುವುದು ತಪ್ಪಲ್ಲ, ಕೆಲಸವನ್ನು ಅರ್ಧಕ್ಕೆ ಮುಚ್ಚಿಟ್ಟು ಹೋಗುವುದು ತಪ್ಪು. ನಾವು ಹೋದ ಮೇಲೂ ನಾವು ಮಾಡಿದ ಕೆಲಸವನ್ನು ನಂಬಿ ಯಾರೋ ಕೂತು ಹೋಗುತ್ತಿರುತ್ತಾರೆ.